ಜೂನಿಯರ್ ಸಾಂಗ್‌ಫೆಸ್ಟಿವಲ್: ನೆದರ್ಲೆಂಡ್ಸ್ ತನ್ನ ಎಳೆಯ ಹಾಡುಗಾರರನ್ನು ಆರಿಸುವ ಬಗೆ

ಜೂನಿಯರ್ ಸಾಂಗ್‌ಫೆಸ್ಟಿವಲ್ ನೆದರ್ಲೆಂಡ್ಸಿನ ಮಕ್ಕಳ ಗಾಯನ ಸ್ಪರ್ಧೆ. ಜೂನಿಯರ್ ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆಗೆ ಆ ದೇಶದ ಪರವಾಗಿ ಯಾರು ಹೋಗಬೇಕೆಂಬುದು ಬಹುತೇಕ ವರ್ಷಗಳಲ್ಲಿ ಇಲ್ಲೇ ತೀರ್ಮಾನವಾಗಿದೆ. ಡಚ್ಚರು ಮಾತಿನಲ್ಲಿ ಎರಡನ್ನೂ ಇದೇ ಹೆಸರಿನಿಂದ ಕರೆಯುವುದರಿಂದ, ಮಗು ಸ್ವದೇಶದ ಸ್ಪರ್ಧೆಯಲ್ಲಿ ಹಾಡಿತೋ ಹೊರದೇಶದ ವೇದಿಕೆಯಲ್ಲಿ ಹಾಡಿತೋ ಎಂಬುದು ಹೊರಗಿನವರಿಗೆ ತಟ್ಟನೆ ತಿಳಿಯುವುದಿಲ್ಲ. ಸ್ಪರ್ಧೆಯನ್ನು ನಡೆಸುವುದು ಅಲ್ಲಿನ ಸಾರ್ವಜನಿಕ ಪ್ರಸಾರ ವ್ಯವಸ್ಥೆಗೆ ಸೇರಿದ ಅವ್ರೊಟ್ರೋಸ್ ಸಂಸ್ಥೆ. 2014ರಲ್ಲಿ ಟ್ರೋಸ್ ಎಂಬ ಇನ್ನೊಂದು ಸಂಸ್ಥೆಯ ಜೊತೆ ಕೂಡುವ ತನಕ ಅದರ ಹೆಸರು ಅವ್ರೊ ಎಂದಿತ್ತು.

2003ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಮೊದಲ ಜೂನಿಯರ್ ಯೂರೋವಿಷನ್‌ನಲ್ಲಿ ಹದಿನಾರು ದೇಶಗಳಿದ್ದವು. ಅಲ್ಲಿಂದ 2025ರವರೆಗೆ ಒಂದು ವರ್ಷವೂ ತಪ್ಪದೆ ಹಾಡಿರುವುದು ನೆದರ್ಲೆಂಡ್ಸ್ ಮಾತ್ರ. 2020ರವರೆಗೆ ಬೆಲರೂಸ್ ಕೂಡ ಈ ಮಾತು ಹೇಳಬಹುದಿತ್ತು. ಮರುವರ್ಷ ಅದರ ಪ್ರಸಾರ ಸಂಸ್ಥೆಯನ್ನು ಯುರೋಪಿನ ಪ್ರಸಾರ ಒಕ್ಕೂಟ ಹೊರಗಿಟ್ಟಿತು. ಇಷ್ಟು ವರ್ಷದ ಹಾಜರಿಯಲ್ಲಿ ನೆದರ್ಲೆಂಡ್ಸ್ ಗೆದ್ದದ್ದು ಒಂದೇ ಸಲ. ಗೆಲುವಿನ ಲೆಕ್ಕದಲ್ಲಿ ಜಾರ್ಜಿಯಾ, ಫ್ರಾನ್ಸ್‌ಗಳು ಅದಕ್ಕಿಂತ ಎಷ್ಟೋ ಮುಂದಿವೆ. ಆದರೂ ಒಂದು ದೇಶ ಮಗುವನ್ನು ಆರಿಸುವ ಕ್ರಮ ಹೇಗೆ ಹುಟ್ಟಿ ಹೇಗೆ ಬದಲಾಯಿತು ಎಂದು ನೋಡುವವರಿಗೆ ಇಷ್ಟು ಉದ್ದದ, ನಡುವೆ ಎಲ್ಲೂ ಕಡಿಯದ ದಾಖಲೆ ಬೇರೆ ದೇಶದಲ್ಲಿ ಸಿಗದು.

ಹಿನ್ನೆಲೆ

ಮಕ್ಕಳ ಯೂರೋವಿಷನ್ನಿನ ಬೇರು ಡೆನ್ಮಾರ್ಕಿನಲ್ಲಿದೆ. ಅಲ್ಲಿನ ಸಾರ್ವಜನಿಕ ದೂರದರ್ಶನ 2000ದಲ್ಲಿ ಮಕ್ಕಳಿಗಾಗಿ ಒಂದು ಹಾಡಿನ ಸ್ಪರ್ಧೆ ಆರಂಭಿಸಿತು. 2002ರಲ್ಲಿ ನಾರ್ವೆ, ಸ್ವೀಡನ್‌ಗಳೂ ಸೇರಿಕೊಂಡು ಅದು ಉತ್ತರದ ಮೂರು ದೇಶಗಳ ಸ್ಪರ್ಧೆಯಾಯಿತು. ಅದನ್ನು ಯುರೋಪಿನ ಪ್ರಸಾರ ಒಕ್ಕೂಟ ತನ್ನದಾಗಿಸಿಕೊಂಡು ಮರುವರ್ಷವೇ ಇಡೀ ಖಂಡಕ್ಕೆ ಹರಡಿತು. ಮೂಲ ಸ್ಪರ್ಧೆಯ ಮುಖ್ಯ ನಿಯಮವೂ ಜೊತೆಗೇ ಬಂತು: ಹಾಡುವ ಮಕ್ಕಳೇ ಹಾಡನ್ನು ಬರೆದಿರಬೇಕು. ಹಾಡು ದೇಶದ ಭಾಷೆಯಲ್ಲಿರಬೇಕು ಎಂಬುದು ಇನ್ನೊಂದು ನಿಯಮ. ಹಾಡುಗಾರರ ವಯಸ್ಸು ಮೊದಲು 8ರಿಂದ 15 ಇತ್ತು, 2007ರಲ್ಲಿ 10ರಿಂದ 15 ಆಯಿತು, 2016ರಿಂದ 9ರಿಂದ 14 ಎಂದಾಯಿತು.

ಹಳೆಯ ಸಿನಿಮಾ ಹಾಡನ್ನು ಮಕ್ಕಳ ಬಾಯಲ್ಲಿ ಕೇಳಿ ಅಂಕ ಕೊಡುವ ಟಿವಿ ಸ್ಪರ್ಧೆಗಳನ್ನೇ ನೋಡಿ ಬೆಳೆದ ನಮ್ಮಂಥವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಯೂರೋವಿಷನ್ ಬಳಗದಲ್ಲಿ ಸ್ಪರ್ಧೆಗೆ ನಿಲ್ಲುವುದು ಗಂಟಲೊಂದೇ ಅಲ್ಲ, ಹಾಡು ಕೂಡ. ಹೊಸ ಹಾಡು, ಹೊಸ ರಾಗ, ಮೂರು ನಿಮಿಷದೊಳಗೆ ಎಲ್ಲ ಮುಗಿಯಬೇಕು. ಮಗು ಎಷ್ಟೇ ಚೆನ್ನಾಗಿ ಹಾಡಿದರೂ ಹಾಡು ಸಪ್ಪೆಯಾದರೆ ಪ್ರಯೋಜನವಿಲ್ಲ. ಹೀಗಾಗಿ ‘ಯಾರನ್ನು ಕಳಿಸೋಣ’ ಎಂಬ ಪ್ರಶ್ನೆಯ ಬೆನ್ನಿಗೆ ‘ಏನನ್ನು ಕಳಿಸೋಣ’, ‘ಅದನ್ನು ಬರೆಯುವವರು ಯಾರು’ ಎಂಬ ಇನ್ನೆರಡು ಪ್ರಶ್ನೆಗಳು ಅಂಟಿಕೊಂಡೇ ಇರುತ್ತವೆ. ಜೂನಿಯರ್ ಸಾಂಗ್‌ಫೆಸ್ಟಿವಲ್‌ನ ಚರಿತ್ರೆಯನ್ನು ಮುಖ್ಯವಾಗಿ ತಿರುಗಿಸಿದ್ದು ಈ ಮೂರನೆಯ ಪ್ರಶ್ನೆ ಎಂದರೆ ತಪ್ಪಾಗದು.

ನೆದರ್ಲೆಂಡ್ಸಿನ ಮಣ್ಣು ಇಂಥದ್ದಕ್ಕೆ ಮೊದಲೇ ಹದವಾಗಿತ್ತು. ವಾರಾ ಎಂಬ ಪ್ರಸಾರ ಸಂಸ್ಥೆ 1980ರಲ್ಲಿ ‘ಕಿಂಡರೆನ್ ಫೋರ್ ಕಿಂಡರೆನ್’ ಎಂಬ ಮಕ್ಕಳ ಗಾಯನ ವೃಂದವನ್ನು ಕಟ್ಟಿತು. ‘ಮಕ್ಕಳಿಗಾಗಿ ಮಕ್ಕಳು’ ಎಂದು ಹೆಸರಿನ ಅರ್ಥ. ಶಾಲೆ, ಜಗಳ, ತಂದೆತಾಯಿಯರ ಬೇರ್ಪಡೆ, ಹೇಳಿಕೊಳ್ಳಲಾಗದ ಭಯ, ಮೊದಲ ಪ್ರೀತಿ ಹೀಗೆ ಮಕ್ಕಳ ದಿನನಿತ್ಯದ ಬದುಕನ್ನೇ ಹಾಡಾಗಿಸುವುದು ಅದರ ಪದ್ಧತಿ. 2013ರಿಂದ ದೇಶದ ಪ್ರಾಥಮಿಕ ಶಾಲೆಗಳಲ್ಲಿ ನಡೆಯುವ ರಾಜನ ಹೆಸರಿನ ಕ್ರೀಡಾದಿನಕ್ಕೆ ಹಾಡು ಕುಣಿತ ಒದಗಿಸುವುದೂ ಇದೇ ವೃಂದ. ಮಗುವಿಗೆ ತನ್ನದೇ ಮಾತಿದೆ, ಅದು ಹಾಡಾಗಬಲ್ಲದು ಎಂಬ ನಂಬಿಕೆ ಇಪ್ಪತ್ತಮೂರು ವರ್ಷ ಬಳಕೆಯಲ್ಲಿದ್ದ ಮೇಲೆ ಬಂದದ್ದು ಜೂನಿಯರ್ ಸಾಂಗ್‌ಫೆಸ್ಟಿವಲ್. ‘ನೀನೇ ಬರೆದು ತಾ’ ಎಂಬ ನಿಯಮ ಡಚ್ ಮಕ್ಕಳಿಗೆ ವಿಚಿತ್ರ ಎನಿಸಲಿಲ್ಲ.

ಮೊದಲ ಘಟ್ಟ: ಬರೆದು ತಂದವರು

ಆರಂಭದ ವರ್ಷಗಳ ಕ್ರಮ ಸರಳ. ಮಕ್ಕಳು ತಾವೇ ಕಟ್ಟಿದ ಹಾಡನ್ನು ಧ್ವನಿಮುದ್ರಿಸಿ ಕಳಿಸುತ್ತಿದ್ದರು. ಸಂಸ್ಥೆಯವರು ಕೇಳಿ, ಕೆಲವರನ್ನು ಕರೆಸಿ, ಹಾಡಿಸಿ, ಕೊನೆಗೆ ಬೆರಳೆಣಿಕೆಯ ಹಾಡುಗಳನ್ನು ಟಿವಿಗೆ ತರುತ್ತಿದ್ದರು. ಕಚ್ಚಾ ಹಾಡಿಗೆ ವಾದ್ಯ ಜೋಡಿಸಿ ಹದಕ್ಕೆ ತರುವ ಕೆಲಸ ದೊಡ್ಡವರದು, ಸಾಲು ಮತ್ತು ರಾಗ ಮಕ್ಕಳದು. ಹಲವು ವರ್ಷ ಸೆಮಿಫೈನಲ್‌ಗಳನ್ನು ಇಟ್ಟು, ಅಲ್ಲಿ ಗೆದ್ದವರನ್ನು ಫೈನಲ್‌ಗೆ ತರುವ ಪದ್ಧತಿ ಇತ್ತು.

ತೀರ್ಪು ಕೊಡುವವರಲ್ಲಿ ಮೂರು ಗುಂಪು: ಸಂಗೀತ ಬಲ್ಲ ಹಿರಿಯರು, ಮಕ್ಕಳ ಮಂಡಳಿ, ಮನೆಯಲ್ಲಿ ಕೂತು ಫೋನ್ ಮಾಡುವ ವೀಕ್ಷಕರು. ಮಕ್ಕಳ ಮಂಡಳಿಗೆ ಹಿರಿಯರ ಸಮಕ್ಕೆ ಜಾಗ ಕೊಟ್ಟದ್ದು ಈ ಸ್ಪರ್ಧೆಯ ಒಳ್ಳೆಯ ಲಕ್ಷಣಗಳಲ್ಲಿ ಒಂದು. ಹನ್ನೊಂದು ವರ್ಷದವರ ಹಾಡನ್ನು ಹನ್ನೊಂದು ವರ್ಷದವರು ಕೇಳುವ ಕಿವಿ ಬೇರೆ. ಶ್ರುತಿ ಕೂದಲೆಳೆಯಷ್ಟು ತಪ್ಪಿದ್ದು ಅವರಿಗೆ ದೊಡ್ಡದಲ್ಲ, ಹಾಡು ನಾಳೆ ಶಾಲೆಯ ಅಂಗಳದಲ್ಲಿ ಗುನುಗಲು ಬರುತ್ತದೆಯೇ ಎಂಬುದು ದೊಡ್ಡದು.

2003ರಲ್ಲಿ ಆಯ್ಕೆಯಾದ ಮೊದಲಿಗ ರೂಲ್ ಫೆಲಿಯಸ್. ಕೋಪನ್‌ಹೇಗನ್‌ನಲ್ಲಿ ಅವನಿಗೆ ಸಿಕ್ಕಿದ್ದು ಹನ್ನೊಂದನೆಯ ಸ್ಥಾನ. ಮರುವರ್ಷ ನಾರ್ವೆಯ ಲಿಲ್ಲೆಹಾಮ್ಮರ್‌ಗೆ ಹೋದ ಕ್ಲಾಸ್ ಮತ್ತು ಕಿಮ್ ಜೋಡಿಗೂ ಅದೇ ಹನ್ನೊಂದು. 2005ರಲ್ಲಿ ಪಕ್ಕದ ಬೆಲ್ಜಿಯಂನ ಹಾಸೆಲ್ಟ್‌ನಲ್ಲಿ ‘ಸ್ಟುಪಿಡ್’ ಹಾಡಿದ ಟೆಸ್ ಏಳನೆಯವಳಾದಳು. 2006ರಲ್ಲಿ ಕಿಂಬರ್ಲಿ ಹನ್ನೆರಡನೆಯವಳು, 2008ರಲ್ಲಿ ಮರಿಸಾ ಹದಿಮೂರನೆಯವಳು. ಪಟ್ಟಿ ನೋಡಿದರೆ ಉತ್ಸಾಹ ಉಕ್ಕಿಸುವಂಥದ್ದೇನಿಲ್ಲ. ಆದರೂ ನೆದರ್ಲೆಂಡ್ಸ್ ಬಿಡಲಿಲ್ಲ.

ಬಿಟ್ಟವರು ಯಾರೆಂದರೆ, ಸ್ಪರ್ಧೆಯನ್ನು ಹುಟ್ಟಿಸಿದವರೇ. 2005ರ ಬಳಿಕ ಡೆನ್ಮಾರ್ಕ್ ಮತ್ತು ನಾರ್ವೆಯ ಪ್ರಸಾರ ಸಂಸ್ಥೆಗಳು ಹೊರನಡೆದವು. ಗೆಲ್ಲಲೇಬೇಕೆಂಬ ಒತ್ತಡ ಮಕ್ಕಳ ಮೇಲೆ ಅತಿಯಾಗುತ್ತಿದೆ, ಇದು ತಾವು ಕಟ್ಟಬಯಸಿದ ಸ್ಪರ್ಧೆಯಲ್ಲ ಎಂಬುದು ಅವರ ತಕರಾರು. ಅವರು ತಮ್ಮ ಉತ್ತರದ ಸ್ಪರ್ಧೆಯನ್ನೇ ಮತ್ತೆ ಹೂಡಿಕೊಂಡರು, ಯೂರೋವಿಷನ್ ಕಡೆ ತಿರುಗಿ ಬರಲಿಲ್ಲ. ಒಕ್ಕೂಟಕ್ಕೂ ಈ ಆತಂಕದ ಅರಿವಿತ್ತು. 2005ರಿಂದ ಸುಮಾರು ಹತ್ತು ವರ್ಷ ಪ್ರತಿ ದೇಶಕ್ಕೂ ಎಣಿಕೆಯ ಆರಂಭದಲ್ಲೇ ಹನ್ನೆರಡು ಅಂಕ ಕೊಟ್ಟುಬಿಡುತ್ತಿದ್ದರು. ಸೊನ್ನೆ ಹೊತ್ತು ಯಾವ ಮಗುವೂ ಮನೆಗೆ ಹೋಗಬಾರದು ಎಂಬುದು ಲೆಕ್ಕ. ಆ ಹನ್ನೆರಡರ ಮೇಲೆ ಏನೂ ಸೇರದ ಮಗುವಿಗೆ ವಿಷಯ ಅರ್ಥವಾಗದೆ ಇರುತ್ತಿತ್ತೇ ಎಂಬುದು ಬೇರೆ ಮಾತು.

ರೋಟರ್‌ಡ್ಯಾಮ್, 2007

ಆ ವರ್ಷ ಸ್ಪರ್ಧೆ ನೆದರ್ಲೆಂಡ್ಸಿಗೇ ಬಂತು. ದೊಡ್ಡವರ ಯೂರೋವಿಷನ್‌ನಲ್ಲಿ ಗೆದ್ದ ದೇಶ ಮುಂದಿನ ವರ್ಷ ಆತಿಥ್ಯ ವಹಿಸುವ ರೂಢಿ. ಮಕ್ಕಳ ಸ್ಪರ್ಧೆಯಲ್ಲಿ ಹಾಗೆ ಕಟ್ಟಿಹಾಕಿರಲಿಲ್ಲ, ಕೇಳಿದವರಿಗೆ ಕೊಡುತ್ತಿದ್ದರು. ಡಿಸೆಂಬರ್ 8ರಂದು ರೋಟರ್‌ಡ್ಯಾಮಿನ ಅಹೋಯ್ ಸಭಾಂಗಣದಲ್ಲಿ ಹದಿನೇಳು ದೇಶಗಳು ಹಾಡಿದವು. ಬೆಲರೂಸ್ ಅರ್ಮೇನಿಯಾವನ್ನು ಒಂದೇ ಅಂಕದಿಂದ ಹಿಂದಿಕ್ಕಿತು. ಆತಿಥೇಯರ ಪರವಾಗಿ ಹಾಡಿದವರು ಲಿಸಾ, ಏಮಿ, ಶೆಲಿ ಎಂಬ ಮೂವರು ಅಕ್ಕತಂಗಿಯರು. ‘ಉಸಿರೆಳೆದುಕೋ, ಉಸಿರು ಬಿಡು’ ಎಂಬರ್ಥದ ಹೆಸರಿನ ಅವರ ಹಾಡಿಗೆ ಸಿಕ್ಕಿದ್ದು ಮತ್ತೆ ಹನ್ನೊಂದನೆಯ ಸ್ಥಾನ.

ಈ ಮೂವರ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಲಿಸಾ, ಏಮಿ ಅವಳಿಗಳು. ಶೆಲಿ ಅವರಿಗಿಂತ ಚಿಕ್ಕವಳು. ತಾಯಿಯ ‘ಓ’ ರಕ್ತದ ಗುಂಪನ್ನೂ ಮೂವರಲ್ಲಿ ಹರಿಯುವ ಜೀನ್ ಅನ್ನೂ ಸೇರಿಸಿ ಆಮೇಲೆ ‘ಓಜೀನ್’ ಎಂದು ಹೆಸರಿಟ್ಟುಕೊಂಡರು. ಬರೆಯುವಾಗ ನಡುವೆ ಮೂರರ ಅಂಕಿ ಇಡುತ್ತಾರೆ. 2014ರಲ್ಲಿ ‘ದ ವಾಯ್ಸ್ ಆಫ್ ಹಾಲೆಂಡ್’ ಗೆದ್ದರು. 2017ರಲ್ಲಿ ಕೀವ್‌ನ ದೊಡ್ಡವರ ಯೂರೋವಿಷನ್‌ನಲ್ಲಿ ನೆದರ್ಲೆಂಡ್ಸಿನ ಪರವಾಗಿ ಹಾಡಿದರು. ತಾಯಿಯ ಕಾಯಿಲೆಯ ನೆರಳಲ್ಲಿ ಹುಟ್ಟಿದ ಆ ಹಾಡಿನ ರಚನೆಯಲ್ಲಿ ತಂದೆಯದೂ ಕೈಯಿತ್ತು. ಅಲ್ಲೂ ಬಂದದ್ದು ಹನ್ನೊಂದನೆಯ ಸ್ಥಾನವೇ. ಹತ್ತು ವರ್ಷದ ಅಂತರ, ಅದೇ ಮೂವರು, ಅದೇ ಅಂಕಿ.

‘ಕ್ಲಿಕ್ ಕ್ಲ್ಯಾಕ್’

2008ರಲ್ಲಿ ಅಂತರರಾಷ್ಟ್ರೀಯ ನಿಯಮ ಸಡಿಲವಾಯಿತು. ಹಾಡು ಬರೆಯಲು ದೊಡ್ಡವರು ಕೈಜೋಡಿಸಬಹುದು ಎಂದಾಯಿತು. ನಿಜ ಹೇಳುವುದಾದರೆ, ಹಲವು ದೇಶಗಳ ಹಾಡು ಕೇಳಿದಾಗ ಹತ್ತು ವರ್ಷದ ಮಗು ಇದನ್ನೆಲ್ಲ ಒಂಟಿಯಾಗಿ ಬರೆದಿದೆ ಎಂದು ಅದಕ್ಕೆ ಮೊದಲೂ ಯಾರೂ ನಂಬುತ್ತಿರಲಿಲ್ಲ. ನಡೆಯುತ್ತಿದ್ದುದನ್ನು ನಿಯಮ ಒಪ್ಪಿಕೊಂಡಿತು, ಅಷ್ಟೆ.

ಮರುವರ್ಷ ನೆದರ್ಲೆಂಡ್ಸ್ ಕಳಿಸಿದ್ದು ದಕ್ಷಿಣದ ಬೆಸ್ಟ್ ಎಂಬ ಊರಿನ ರಾಲ್ಫ್ ಮಾಕೆನ್‌ಬಾಖ್ ಎಂಬ ಹುಡುಗನನ್ನು. ಅವನ ಕಸುಬುಗಾರಿಕೆ ಗಂಟಲಿನಲ್ಲಿ ಮಾತ್ರವಲ್ಲ, ಪಾದದಲ್ಲೂ ಇತ್ತು. ಟ್ಯಾಪ್ ನೃತ್ಯದ ಬೂಟಿನ ಅಡಿಯ ಲೋಹ ನೆಲಕ್ಕೆ ಬಡಿಯುವ ಸದ್ದೇ ಹಾಡಿನ ಹೆಸರು: ‘ಕ್ಲಿಕ್ ಕ್ಲ್ಯಾಕ್’. ವೇದಿಕೆಗೆ ಬಂದ ಹುಡುಗನ ಬಳಿ ತನ್ನ ಕುಣಿತದ ಬಗ್ಗೆಯೇ ಒಂದು ಹಾಡಿತ್ತು, ಅದನ್ನು ಕುಣಿದೇ ತೋರಿಸಿದ. 2009ರ ನವೆಂಬರ್ 21ರಂದು ಕೀವ್‌ನಲ್ಲಿ ಅವನಿಗೆ 121 ಅಂಕ ಬಂತು. ರಷ್ಯಾ, ಅರ್ಮೇನಿಯಾಗಳೆರಡೂ 116ರಲ್ಲಿ ಸಮನಾಗಿ ನಿಂತವು.

ಈ ಗೆಲುವಿನ ತೂಕ ತಿಳಿಯಲು ಆಗಿನ ಡಚ್ ಮನೆಗಳ ಟಿವಿ ನೆನೆಯಬೇಕು. ದೊಡ್ಡವರ ಯೂರೋವಿಷನ್‌ನಲ್ಲಿ ನೆದರ್ಲೆಂಡ್ಸ್ 2005ರಿಂದ 2012ರವರೆಗೆ ಎಂಟು ವರ್ಷ ಸತತವಾಗಿ ಸೆಮಿಫೈನಲ್ ದಾಟಲೇ ಇಲ್ಲ. ಅಲ್ಲಿ ಕೊನೆಯ ಗೆಲುವು ಬಂದದ್ದು 1975ರಲ್ಲಿ, ಮುಂದಿನದಕ್ಕೆ 2019ರವರೆಗೆ ಕಾಯಬೇಕಿತ್ತು. ಆ ಬರಗಾಲದ ನಡುವೆ ಒಬ್ಬ ಹುಡುಗ ಬೂಟು ಬಡಿಯುತ್ತ ಗೆದ್ದು ಬಂದ. ಎರಡು ವರ್ಷದ ಬಳಿಕ ರೇಚಲ್ ‘ಟೀನೇಜರ್’ ಹಾಡಿ ಎರಡನೆಯ ಸ್ಥಾನ ಪಡೆದಳು. ಜಾರ್ಜಿಯಾಕ್ಕೆ 108, ಅವಳಿಗೆ 103. ರಾಲ್ಫ್ ಗೆದ್ದದ್ದೂ ಐದು ಅಂಕದಿಂದ, ಅವಳು ಸೋತದ್ದೂ ಐದು ಅಂಕದಿಂದ.

2012ರಲ್ಲಿ ಸ್ಪರ್ಧೆ ಆಮ್‌ಸ್ಟರ್‌ಡ್ಯಾಮಿಗೆ ಬಂದಾಗ ಭಾಗವಹಿಸಿದ ದೇಶಗಳು ಹನ್ನೆರಡೇ. ಇಡೀ ಸ್ಪರ್ಧೆಯೇ ಬಾಗಿಲು ಮುಚ್ಚೀತೇನೋ ಎನಿಸುವ ಕಾಲವದು. ಫೆಮ್ಕೆ ‘ಟಿಕ್ ಟಾಕ್ ಟಿಕ್’ ಹಾಡಿ ಏಳನೆಯವಳಾದಳು. 2013 ಮತ್ತು 2014ರಲ್ಲಿ ಎರಡು ಎಂಟನೆಯ ಸ್ಥಾನ ಬಂದವು. 2015ರಲ್ಲಿ ಸೋಫಿಯಾದಲ್ಲಿ ಶಲೀಸಾ ಹದಿನೈದಕ್ಕೆ ಇಳಿದಳು.

ಎರಡನೆಯ ಘಟ್ಟ: ಕಟ್ಟಿ ನಿಲ್ಲಿಸಿದ ತಂಡಗಳು

ಆ ಹದಿನೈದರ ಮರುವರ್ಷವೇ ಕ್ರಮ ಬದಲಾಯಿತು. 2016ರಲ್ಲಿ ಅವ್ರೊಟ್ರೋಸ್ ಟಿವಿ ಫೈನಲ್ ನಡೆಸದೆ ಆಡಿಷನ್ ಮೂಲಕವೇ ಮೂವರು ಹುಡುಗಿಯರನ್ನು ಆರಿಸಿ ‘ಕಿಸಸ್’ ಎಂಬ ತಂಡ ಕಟ್ಟಿತು. ಮುಂದಿನ ವರ್ಷ ಫೈನಲ್ ಮರಳಿತು, ಆದರೆ ಅದರ ಒಳಗುಟ್ಟು ಬೇರೆಯಾಗಿತ್ತು. ಈಗ ಮಕ್ಕಳು ಹಾಡು ಬರೆದು ತರಬೇಕಿಲ್ಲ. ಹೆಸರು ನೋಂದಾಯಿಸಿ ಆಡಿಷನ್‌ಗೆ ಬರುತ್ತಾರೆ. ಹಾಡು, ಕುಣಿತ, ವೇದಿಕೆಯ ಮೇಲಿನ ಚುರುಕು ನೋಡಿ ಸಂಸ್ಥೆ ಕೆಲವರನ್ನು ಆರಿಸುತ್ತದೆ. ಅವರಲ್ಲಿ ಯಾರು ಒಂಟಿಯಾಗಿ ನಿಲ್ಲಬೇಕು, ಯಾರನ್ನು ಜೋಡಿ ಮಾಡಬೇಕು, ಯಾವ ನಾಲ್ವರು ಸೇರಿದರೆ ತಂಡವಾದೀತು ಎಂದು ಲೆಕ್ಕ ಹಾಕುತ್ತದೆ. ವೃತ್ತಿಪರರು ಬರೆದ ಹಾಡುಗಳು ಅವರವರ ಪಾಲಿಗೆ ಬರುತ್ತವೆ. ಧ್ವನಿ ತರಬೇತಿ, ನೃತ್ಯಾಭ್ಯಾಸ, ವಿಡಿಯೊ ಎಲ್ಲ ಆದ ಮೇಲೆ ಬೆರಳೆಣಿಕೆಯ ತಂಡಗಳು ಫೈನಲ್‌ಗೆ ನಿಲ್ಲುತ್ತವೆ. ಮೂರು ಗುಂಪಿನ ತೀರ್ಪು ಮಾತ್ರ ಹಾಗೇ ಉಳಿದಿದೆ.

2017ರಲ್ಲಿ ಹೀಗೆ ಕಟ್ಟಿದ ನಾಲ್ಕು ಹುಡುಗರ ತಂಡ ‘ಫೋರ್ಸ್’. ಟ್ಬಿಲಿಸಿಯಲ್ಲಿ ನಾಲ್ಕನೆಯ ಸ್ಥಾನ ಪಡೆದು ಮರಳಿದ ಮೇಲೂ ಅವರು ಚದುರಲಿಲ್ಲ. ಹಲವು ವರ್ಷ ತಂಡವಾಗಿಯೇ ಹಾಡುತ್ತ, ಶಾಲಾ ಹುಡುಗಿಯರ ಪಡೆಯನ್ನೇ ಬೆನ್ನಿಗೆ ಕಟ್ಟಿಕೊಂಡರು. 2019ರಲ್ಲಿ ಮಥ್ಯೂ, 2020ರಲ್ಲಿ ‘ಯೂನಿಟಿ’ ತಂಡ ಮತ್ತೆರಡು ನಾಲ್ಕನೆಯ ಸ್ಥಾನ ತಂದವು. 2020ರದು ಕೋವಿಡ್ ವರ್ಷ, ಸ್ಪರ್ಧೆ ವಾರ್ಸಾದಿಂದ ಪ್ರಸಾರವಾದರೂ ಹಾಡುಗಳು ಮೊದಲೇ ಚಿತ್ರೀಕರಣವಾಗಿದ್ದವು. ಇವುಗಳ ನಡುವೆ, 2018ರಲ್ಲಿ ಮ್ಯಾಕ್ಸ್ ಮತ್ತು ಆನ್ ಜೋಡಿ ಮಿನ್‌ಸ್ಕ್‌ನಲ್ಲಿ ಹದಿಮೂರಕ್ಕೆ ನಿಂತಿತು. 2021ರಲ್ಲಿ ಪ್ಯಾರಿಸ್‌ಗೆ ಹೋದ ಅಯಾನಾಳ ಹಾಡಿನ ಹೆಸರು ಜಪಾನಿ ಭಾಷೆಯದು, ಅರ್ಥ ಬೇಗ ಮತ್ತೆ ಭೇಟಿಯಾಗೋಣ ಎಂದು. ಹತ್ತೊಂಬತ್ತು ದೇಶಗಳಲ್ಲಿ ಅವಳಿಗೆ ಹತ್ತೊಂಬತ್ತನೆಯ ಸ್ಥಾನ ಬಂತು. ದೇಶದ ಇಡೀ ದಾಖಲೆಯಲ್ಲಿ ಅತಿ ಕೆಳಗಿನ ಸ್ಥಾನ ಅದು. ಆಮೇಲಿನ ಎರಡು ವರ್ಷ ಲೂನಾ, ಮತ್ತೆ ಸೆಪ್ ಮತ್ತು ಯಾಸ್ಮೈನ್ ಜೋಡಿ ಏಳನೆಯ ಸ್ಥಾನದಲ್ಲಿ ನಿಂತರು.

ಹೊಸ ಕ್ರಮದಲ್ಲಿ ಸಿಕ್ಕಿದ್ದೇನು, ಹೋದದ್ದೇನು? ಸಿಕ್ಕಿದ್ದು ಕಣ್ಣಿಗೆ ಕಾಣುತ್ತದೆ: ಸದ್ದು ಅಚ್ಚುಕಟ್ಟು, ಹೆಜ್ಜೆ ತಪ್ಪುವುದಿಲ್ಲ. ಇನ್ನೊಂದು ಲಾಭ ಅಷ್ಟು ಕಾಣುವುದಿಲ್ಲ, ಆದರೆ ದೊಡ್ಡದು. ಸೋಲು ಬಂದರೆ ಅದು ಒಂದು ಮಗುವಿನ ಹೆಗಲ ಮೇಲೆ ಬೀಳದೆ ಮೂವರು ನಾಲ್ವರಲ್ಲಿ ಹಂಚಿಹೋಗುತ್ತದೆ. ತಾನೇ ಬರೆದ ಹಾಡನ್ನು ಇಡೀ ದೇಶ ಬೇಡ ಎಂದಿತು ಎಂಬ ಪೆಟ್ಟೂ ಇಲ್ಲ. ಡೆನ್ಮಾರ್ಕ್, ನಾರ್ವೆಗಳು ಸ್ಪರ್ಧೆ ಬಿಟ್ಟು ಪರಿಹರಿಸಿದ ಸಮಸ್ಯೆಯನ್ನು ಡಚ್ಚರು ಒಳಗೇ ಇದ್ದುಕೊಂಡು ಸ್ವಲ್ಪಮಟ್ಟಿಗೆ ಹೀಗೆ ಬಗೆಹರಿಸಿಕೊಂಡರು ಎನ್ನಬಹುದು. ಕಾನೂನಿನ ಕಾವಲೂ ಇದೆ. ಹದಿಮೂರರೊಳಗಿನ ಮಗು ಟಿವಿಯಲ್ಲಿ ಹಾಡುವುದನ್ನೂ ಅಲ್ಲಿನ ಕಾನೂನು ಬಾಲಕಾರ್ಮಿಕ ನಿಷೇಧದ ಕಣ್ಣಿನಿಂದಲೇ ನೋಡುತ್ತದೆ. ಹಾಗಾಗಿ ಕಾರ್ಮಿಕ ತನಿಖಾ ಇಲಾಖೆಯ ವಿನಾಯಿತಿ ಬೇಕು.

ಹೋದದ್ದು ಮಕ್ಕಳ ಕೈಬರಹ. ಹಳೆಯ ಹಾಡುಗಳಲ್ಲಿ ಎಡವಿದ ಪ್ರಾಸ, ಒಂದೇ ಮಾತನ್ನು ಮೂರು ಸಲ ಹೇಳುವ ಪಲ್ಲವಿ ಎಲ್ಲ ಇದ್ದವು. ಹೊಸ ಹಾಡುಗಳಲ್ಲಿ ಅವು ಸಿಗುವುದು ಕಷ್ಟ. ಭಾಷೆಯೂ ಇದರ ಜೊತೆ ಸರಿಯಿತು. ದೇಶಭಾಷೆ ಕಡ್ಡಾಯ ಎಂದಿದ್ದುದು ಕ್ರಮೇಣ ಇಳಿದು, ಶೇ. 60ರಷ್ಟು ಇದ್ದರೆ ಸಾಕು ಎಂಬಲ್ಲಿಗೆ ಬಂದಿದೆ. ಉಳಿದ ಪಾಲು ಸಾಮಾನ್ಯವಾಗಿ ಇಂಗ್ಲಿಷಿನದು, ಅದೂ ಬಾಯಿಗೆ ಬೇಗ ಹತ್ತುವ ಪಲ್ಲವಿಯ ಜಾಗದಲ್ಲಿ. 2009ರಿಂದ 2017ರವರೆಗಿನ ಒಂಬತ್ತು ಡಚ್ ಹಾಡುಗಳಲ್ಲಿ ಎಂಟರ ಹೆಸರು ಇಂಗ್ಲಿಷ್ ಕಿವಿಗೆ ಪರಿಚಿತ. ‘ಒಟ್ಟಿಗೆ’ ಎಂಬರ್ಥದ ‘ಸಾಮೆನ್’, ‘ನಿನ್ನೊಡನೆ ಕುಣಿತ’ ಎಂಬರ್ಥದ ‘ಡಾನ್ಸ್ ಮೆಟ್ ಯೌ’ ಆಮೇಲೆ ಬಂದವು. ಹಾಗೆ ನೋಡಿದರೆ ದೇಶದ ಏಕೈಕ ಗೆಲುವಿನ ಹೆಸರು ಯಾವ ಭಾಷೆಗೂ ಸೇರಿದ್ದಲ್ಲ, ಬೂಟಿನ ಸದ್ದು.

ಬೆಳೆದವರು

ಗೆದ್ದವರಿಗಿಂತ ನಡುವೆ ನಿಂತವರೇ ಮುಂದೆ ದೂರ ಹೋದ ಉದಾಹರಣೆಗಳು ಇಲ್ಲಿ ಎದ್ದು ಕಾಣುತ್ತವೆ. ಮೂವರು ಅಕ್ಕತಂಗಿಯರ ವಿಷಯ ಮೇಲೆ ಬಂದಿದೆ. ಇನ್ನೊಬ್ಬಳು ‘ಕಿಸಸ್’ ತಂಡದ ಮೂವರಲ್ಲಿ ಒಬ್ಬಳಾದ ಸ್ಟೆಫಾನಿಯಾ ಲಿಬೆರಕಾಕಿಸ್. ಗ್ರೀಕ್ ಮೂಲದ ಮನೆತನದ ಡಚ್ ಹುಡುಗಿ. 2016ರಲ್ಲಿ ಮಾಲ್ಟಾದ ವಲೆಟ್ಟಾದಲ್ಲಿ ತಂಡ ಎಂಟನೆಯ ಸ್ಥಾನ ಪಡೆಯಿತು. 2020ರಲ್ಲಿ ಗ್ರೀಸ್ ಅವಳನ್ನು ದೊಡ್ಡವರ ಯೂರೋವಿಷನ್‌ಗೆ ಆರಿಸಿತು. ಆ ವರ್ಷದ ಸ್ಪರ್ಧೆ ಕೋವಿಡ್‌ನಿಂದ ರದ್ದಾಯಿತು. ಗ್ರೀಸ್ ಮರುವರ್ಷ ಅವಳನ್ನೇ ಕಳಿಸಿತು. ಆಗ ಆತಿಥೇಯ ದೇಶ ನೆದರ್ಲೆಂಡ್ಸ್, ಸಭಾಂಗಣ ರೋಟರ್‌ಡ್ಯಾಮಿನ ಅದೇ ಅಹೋಯ್. 2015ರ ಮಕ್ಕಳ ಸ್ಪರ್ಧೆ ಗೆದ್ದಿದ್ದ ಮಾಲ್ಟಾದ ಡೆಸ್ಟಿನಿಯೂ ಆ ರಾತ್ರಿ ಅದೇ ವೇದಿಕೆಯಲ್ಲಿ ಹಾಡಿದಳು. ನೆದರ್ಲೆಂಡ್ಸ್ ಆಡಿಷನ್ ಮಾಡಿ ಆರಿಸಿದ್ದ ಹುಡುಗಿ ಐದು ವರ್ಷದ ಮೇಲೆ ನೆದರ್ಲೆಂಡ್ಸಿನಲ್ಲೇ ಗ್ರೀಸಿನ ಬಾವುಟದಡಿ ಹಾಡಿ ಹತ್ತನೆಯವಳಾದಳು. ಆತಿಥೇಯರ ಸ್ವಂತ ಹಾಡು ಆ ಪಟ್ಟಿಯಲ್ಲಿ ಅವಳಿಗಿಂತ ಬಹಳ ಕೆಳಗಿತ್ತು.